ಬಲಕ್ಕೆ ಎಳೆಯುವ ಗಾಡಿ

ಎರಡು ಮೋಟರ್ ಸೈಕಲ್ ಹೋಲಿಸುವಾಗ ಹಿಂದೆ ಕೂತವರನ್ನು ಯಾರೂ ಕೇಳುವುದಿಲ್ಲ. ಕೊಟ್ಟೂರಿನ ನಮ್ಮ ಫೋಟೋ ಸ್ಟುಡಿಯೋಗೆ ದಿನಕ್ಕೆ ಒಬ್ಬಿಬ್ಬರಾದರೂ ಇದೇ ಕೆಲಸಕ್ಕೆ ಬರುತ್ತಾರೆ. ಹೇಳುವುದು ಪಾಸ್‌ಪೋರ್ಟ್ ಫೋಟೋ ಬೇಕು ಅಂತ, ಕಣ್ಣೆಲ್ಲ ಹೊರಗೆ ನಿಂತ ಗಾಡಿಯ ಮೇಲೆ. "ಹಳೇದು ಚಲೋ ಇತ್ತೋ, ಹೊಸದು ಚಲೋ ಐತೋ, ಖರೇ ಹೇಳ್ರಿ" ಎಂದು ನಮ್ಮ ಯಜಮಾನರನ್ನು ಕೇಳುತ್ತಾರೆ. ಇವರು ಕುರ್ಚಿ ಎಳೆದುಕೊಂಡು ಶುರು ಹಚ್ಚುತ್ತಾರೆ. ಎಂಜಿನ್ನು, ಗೇರು, ಬ್ರೇಕು, ಸಸ್ಪೆನ್ಷನ್ನು, ಮುಗಿಯುವುದೇ ಇಲ್ಲ. ಅಲ್ಲೇ ಕಂಪ್ಯೂಟರ್ ಮುಂದೆ ಕೂತು ಮದುವೆ ಆಲ್ಬಮ್ ಜೋಡಿಸುತ್ತಿರುವ ನನ್ನ ಕಡೆ ಒಬ್ಬರೂ ತಿರುಗಿ ನೋಡುವುದಿಲ್ಲ.

ಇವರ ಹಿಂದೆ ಇಪ್ಪತ್ತಾರು ವರ್ಷ ಕೂತವಳು ನಾನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲೂಕಿನ ಒಂದೊಂದು ಹಂಪೂ ನನ್ನ ಬೆನ್ನುಮೂಳೆಗೆ ಗುರುತಿದೆ. ಗಾಡಿ ಹೆಂಗಿದೆ ಅಂತ ಓಡಿಸುವವನಿಗೆ ಎಷ್ಟು ಗೊತ್ತಾಗುತ್ತದೆ? ಅವನಿಗೆ ಹಿಡಿಯಲು ಹ್ಯಾಂಡಲ್ ಇರುತ್ತದೆ, ಗುಂಡಿ ಮುಂಚೆಯೇ ಕಾಣುತ್ತದೆ, ಮೈ ಬಿಗಿ ಹಿಡಿಯುತ್ತಾನೆ. ಹಿಂದೆ ಕೂತವರಿಗೆ ಗುಂಡಿ ಗೊತ್ತಾಗುವುದು ಬಿದ್ದ ಮೇಲೆ. ಕೇಳದಿದ್ದರೆ ಬಿಡಲಿ, ನಾನೇ ಬರೆಯುತ್ತೇನೆ.

ನಮ್ಮದು ಮದುವೆ ಫೋಟೋದ ಕೆಲಸ. ಇವರು ವಿಡಿಯೋ, ನಾನು ಫೋಟೋ. ಮದುಮಗಳ ಕೋಣೆಯೊಳಗೆ ಗಂಡಸರನ್ನು ಬಿಡುವುದಿಲ್ಲ, ಅದಕ್ಕೇ ಮದುವೆಯಾದ ಹೊಸದರಲ್ಲಿ ಇವರು ನನ್ನ ಕೈಗೆ ಕ್ಯಾಮೆರಾ ಕೊಟ್ಟರು. ಈಗ ಹೆಣ್ಣಿನ ಮನೆಯವರು "ಅಕ್ಕಾರು ಬರ್ತಾರಲ್ಲ?" ಎಂದು ನನ್ನನ್ನು ಖಾತ್ರಿ ಮಾಡಿಕೊಂಡೇ ಇವರಿಗೆ ಎಲೆ ಅಡಿಕೆ ಕೊಡುವುದು. ಈ ಮಾತನ್ನು ಇವರ ಮುಂದೆ ನಾನು ಎರಡು ಸಲ ಹೇಳುತ್ತೇನೆ, ಕೇಳಿಸಲಿಲ್ಲ ಅಂದರೆ ಮೂರನೇ ಸಲವೂ ಹೇಳುತ್ತೇನೆ.

ಮದುವೆ ಮನೆಗೆ ಸೀರೆ ಉಟ್ಟೇ ಹೋಗಬೇಕು. ಚೂಡಿದಾರ ಹಾಕಿಕೊಂಡು ಬಂದ ಫೋಟೋದವಳನ್ನು ದೇವರ ಜಗಲಿ ಹತ್ತಿರ ಸೇರಿಸದ ಅಜ್ಜಿಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸೀರೆ ಅಂದರೆ ಗಾಡಿ ಮೇಲೆ ಒಂದೇ ಕಡೆ ಕಾಲು ಬಿಟ್ಟು ಕೂರಬೇಕು. ಎಡಗಡೆ ಕಾಲು, ತೊಡೆ ಮೇಲೆ ಕ್ಯಾಮೆರಾ ಬ್ಯಾಗು, ಬಲಗೈ ಇವರ ಭುಜದ ಮೇಲೆ, ಎಡಗೈ ಹಿಂದಿನ ಕಂಬಿ ಮೇಲೆ. ಹೀಗೆ ಕೂತು ಕೂತು ನನಗೆ ಈ ಸೀಮೆಯ ರಸ್ತೆಗಳೆಲ್ಲ ಎಡ ಮಗ್ಗುಲಿನಿಂದ ಮಾತ್ರ ಗೊತ್ತು. ಹರಪನಹಳ್ಳಿಗೆ ಹೋಗುವಾಗ ಒಂದು ಮಗ್ಗುಲು, ಬರುವಾಗ ಇನ್ನೊಂದು ಮಗ್ಗುಲು. ಎದುರಿಗೆ ಏನಿದೆ ಎಂದು ಕೇಳಿದರೆ ಇವರ ಹೆಲ್ಮೆಟ್ಟೇ ಇದೆ ಎನ್ನಬೇಕಾಗಿತ್ತು.

ಮೊದಲೆರಡು ಗಾಡಿ ಸಣ್ಣವು. ಅವುಗಳ ಮಾತು ಬೇಡ. ಎಂಟು ವರ್ಷದ ಹಿಂದೆ ಇವರು ಅಡ್ವೆಂಚರ್ ಬೈಕು ತಂದರು. ಹಿಮದ ಬೆಟ್ಟ ಹತ್ತಲು ಮಾಡಿದ ಗಾಡಿಯಂತೆ. ನಮ್ಮ ಅಡ್ವೆಂಚರ್ ಏನಿದ್ದರೂ ಉಜ್ಜಿನಿ ದಾಟಿ ಹೊಲದ ದಾರಿಯಲ್ಲಿ ಮುಹೂರ್ತಕ್ಕೆ ಮುಂಚೆ ಮದುವೆ ಮನೆ ಮುಟ್ಟುವುದು. ಅದಕ್ಕೆ ಹಳೆಯದು ಹೇಳಿ ಮಾಡಿಸಿದಂತಿತ್ತು. ಎತ್ತರದ ಮೈ, ಮುಂದೆ ದೊಡ್ಡ ಗಾಲಿ, ಸೀಟು ಒಂದೇ ಉದ್ದದ ದಿಂಬು. ಕಪ್ಪು ಮಣ್ಣಿನ ಕೆಸರಾಗಲಿ, ಹಳ್ಳದ ಮರಳಾಗಲಿ, ಡುಗುಡುಗು ಎಂದು ಸದ್ದು ಮಾಡುತ್ತ ನಿಧಾನ ದಾಟಿಸುತ್ತಿತ್ತು. ಗುಂಡಿಗೆ ಬಿದ್ದರೆ ತೊಟ್ಟಿಲು ತೂಗಿದ ಹಾಗೆ ಎರಡು ಸಲ ತೂಗಿ ಸುಮ್ಮನಾಗುತ್ತಿತ್ತು. ಕೂಡ್ಲಿಗಿಯ ವೆಲ್ಡಿಂಗ್ ಅಂಗಡಿಯಲ್ಲಿ ಇವರು ನನಗೆಂದೇ ಅಗಲವಾದ ಸೀರೆ ಗಾರ್ಡು ಮಾಡಿಸಿದ್ದರು. ಹಿಮದ ಬೆಟ್ಟದ ಗಾಡಿಗೆ ಸೀರೆ ಗಾರ್ಡು ಹಾಕಿಸಿದವರು ಈ ಜಿಲ್ಲೆಯಲ್ಲಿ ಇವರೊಬ್ಬರೇ ಇರಬೇಕು.

ಹೊಗಳಿದ್ದು ಸಾಕು, ಕೆಟ್ಟದ್ದೂ ಇತ್ತು. ಎಪ್ಪತ್ತರ ಮೇಲೆ ವೇಗ ಹೋದರೆ ಗಾಡಿ ಹಲ್ಲು ಕಡಿಯುತ್ತಿತ್ತು. ಹಡಗಲಿ ಮುಟ್ಟುವ ಹೊತ್ತಿಗೆ ನನ್ನ ಅಂಗಾಲು ಜೋಮು ಹಿಡಿದು, ಇಳಿದ ಮೇಲೆ ಎರಡು ನಿಮಿಷ ಕಂಬ ಹಿಡಿದು ನಿಲ್ಲುತ್ತಿದ್ದೆ. ಅಲ್ಲಿನ ಮಲ್ಲಿಗೆ ಹೂವಿನವರು ನನಗೆ ತಲೆ ತಿರುಗಿತೆಂದು ನೀರು ತಂದುಕೊಟ್ಟದ್ದೂ ಉಂಟು. ಭಾರದ ಗಾಡಿ ಬೇರೆ. ನಿಂತಲ್ಲಿ ತಿರುಗಿಸಬೇಕೆಂದರೆ ಇವರು ಇಳಿದು ಎಮ್ಮೆ ಎಳೆದ ಹಾಗೆ ಎಳೆಯಬೇಕಿತ್ತು.

ಹೊಸದು ಬಂದಾಗ ಇವರ ಮುಖ ನೋಡಬೇಕಿತ್ತು. ಐವತ್ತನಾಲ್ಕು ವರ್ಷದ ಮನುಷ್ಯ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮುಂಚೆ ಗಾಡಿ ಒರೆಸುತ್ತಿದ್ದರು. ಅದೇ ತಳಿಯ ಗಾಡಿ, ಆದರೆ ಪೂರಾ ಹೊಸ ಎಂಜಿನ್ನು. ನಡುಕ ಅನ್ನುವುದೇ ಇಲ್ಲ. ನೂರರ ಹತ್ತಿರ ಹೋದರೂ ನನ್ನ ಅಂಗಾಲು ನನ್ನದಾಗಿಯೇ ಇತ್ತು. ಬ್ರೇಕು ಒತ್ತಿದರೆ ನಿಲ್ಲುತ್ತದೆ, ಮೊದಲಿನ ಹಾಗೆ ವಿಚಾರ ಮಾಡುತ್ತ ಹೋಗುವುದಿಲ್ಲ. ಹ್ಯಾಂಡಲ್ ಹೂವಿನಷ್ಟು ಹಗುರ, ಸಂತೆ ಗದ್ದಲದಲ್ಲೂ ಎತ್ತ ಬೇಕೋ ಅತ್ತ ತಿರುಗುತ್ತದೆ. ಹಿಂದೆ ದೊಡ್ಡ ಪೆಟ್ಟಿಗೆ, ಅದಕ್ಕೆ ಒರಗು. ಕ್ಯಾಮೆರಾ ಬ್ಯಾಗು ಕಡೆಗೂ ನನ್ನ ತೊಡೆ ಬಿಟ್ಟು ಪೆಟ್ಟಿಗೆ ಸೇರಿತು. ದೋಷವೆಂದರೆ ಸೀಟು ಗಟ್ಟಿ, ನನ್ನ ಸೀಟು ಬೇರೆ, ಇವರದಕ್ಕಿಂತ ಒಂದು ಗೇಣು ಎತ್ತರ. ಬೇಸಿಗೆಯಲ್ಲಿ ಎಂಜಿನ್ ಫ್ಯಾನಿನ ಬಿಸಿಗಾಳಿ ಕಾಲಿಗೆ ಹೊಡೆಯುತ್ತದೆ. ಇನ್ನೊಂದು ಎಂದರೆ, ಪೆಟ್ಟಿಗೆ ಕೂರಿಸುವ ಕಬ್ಬಿಣದ ಚೌಕಟ್ಟು ಅಡ್ಡ ಬಂದು ಸೀರೆ ಗಾರ್ಡು ಹಾಕಲು ಜಾಗವೇ ಇರಲಿಲ್ಲ.

"ಸೀರಿ ಬ್ಯಾಗ್ನ್ಯಾಗ ಇಟ್ಕೋ, ಅಲ್ಲಿ ಹೋಗಿ ಉಟ್ಕೊಂಡ್ರ ಆತು" ಎಂದರು ಇವರು. ಹೀಗೆ ನಲವತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಚೂಡಿದಾರ ಹಾಕಿ, ಎರಡೂ ಕಡೆ ಕಾಲು ಬಿಟ್ಟು ಗಾಡಿ ಮೇಲೆ ಕೂತೆ. ಎತ್ತರದ ಸೀಟಾದ್ದರಿಂದ ಇವರ ತಲೆಯ ಮೇಲಿಂದ ರಸ್ತೆ ಪೂರಾ ಕಂಡಿತು. ಕೂಡ್ಲಿಗಿ ರಸ್ತೆ ಎದುರಿನಿಂದ ಇಷ್ಟು ಚಂದ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಹುಣಸೆ ಮರಗಳು ಎರಡೂ ಕಡೆಯಿಂದ ಒಟ್ಟಿಗೆ ನಮ್ಮ ಕಡೆ ಬರುತ್ತಿದ್ದವು. ನಾನು ಚಿಕ್ಕ ಹುಡುಗಿಯ ಹಾಗೆ "ಅಲ್ಲಿ ನೋಡ್ರಿ, ಅಲ್ಲಿ ನೋಡ್ರಿ" ಎನ್ನುತ್ತಿದ್ದೆ, ಇವರು "ನಾ ದಿನಾ ನೋಡೀನಿ" ಎನ್ನುತ್ತಿದ್ದರು.

ಈ ಸಂತೋಷ ಎರಡು ವಾರ ನಡೆಯಿತು. ಆಮೇಲೆ ಇವರು ಮಾತು ಕಡಿಮೆ ಮಾಡಿದರು. ಒಂದು ದಿನ ಹಗರಿಬೊಮ್ಮನಹಳ್ಳಿಯಿಂದ ಬರುವಾಗ ಗಾಡಿ ನಿಲ್ಲಿಸಿ ಇಳಿದು, ಮುಂದಿನ ಗಾಲಿ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

"ಏನ್ರೀ ಅದು?"

"ಬಲಕ್ಕ ಎಳೀತೈತಿ" ಎಂದರು. "ಶುರುವಿಂದನೂ ಎಳೀತೈತಿ. ನೆಟ್ಟಗ ಹಿಡಿದು ಹಿಡಿದು ರಟ್ಟಿ ಬಿದ್ದು ಹೋಗ್ಯಾವು."

ಶೋರೂಮಿಗೆ ಎರಡು ಸಲ ಒಯ್ದರು. ಅಲ್ಲಿನವರು ಗಾಲಿ ನೋಡಿದರು, ಚೌಕಟ್ಟು ಅಳೆದರು, ತಾವೇ ಓಡಿಸಿ ನೋಡಿ ಏನೂ ದೋಷವಿಲ್ಲ ಎಂದರು. ಇವರೊಬ್ಬರೇ ಓಡಿಸಿದಾಗಲೂ ಗಾಡಿ ಗೆರೆ ಎಳೆದ ಹಾಗೆ ಹೋಗುತ್ತಿತ್ತು. ಹಿಂದೆ ನಾನು ಕೂತ ಕೂಡಲೇ ಬಲಕ್ಕೆ ಎಳೆಯುತ್ತಿತ್ತು. ಇವರು ಮೊದಲು ಹಿಂದಿನ ಸಸ್ಪೆನ್ಷನ್ ಬಿಗಿ ಮಾಡಿಸಿದರು. ಆಮೇಲೆ ಸಡಿಲ ಮಾಡಿಸಿದರು. ಟೈರಿನ ಗಾಳಿ ಹೆಚ್ಚು ಮಾಡಿದರು, ಕಡಿಮೆ ಮಾಡಿದರು. ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ತಟ್ಟೆ ನೋಡಿಕೊಂಡೇ ಕೇಳಿದರು: "ನೀ ಏನರ ಈಚೆಗೆ ದಪ್ಪ ಆಗೀಯೇನು?"

ರೊಟ್ಟಿ ತಟ್ಟುತ್ತಿದ್ದ ಕೈ ನಿಂತಿತು. "ದಪ್ಪ ಆದ್ರ ಹಿಂದ ಕುಸೀಬೇಕು. ಬಲಕ್ಕ ಯಾಕ ಹೋಗ್ತದ? ನನ್ನ ಬಲಗಡಿ ಅಷ್ಟ ದಪ್ಪ ಆಗೈತೇನು?" ಎಂದೆ. ಎರಡನೇ ರೊಟ್ಟಿ ಅವತ್ತು ತಟ್ಟೆಗೆ ಬೀಳಲಿಲ್ಲ, ಕೇಳುವ ಧೈರ್ಯವೂ ಇವರಿಗೆ ಬರಲಿಲ್ಲ.

ನಗುವ ಮಾತು ಅಲ್ಲಿಗೆ ಮುಗಿಯಿತು. ಹರಪನಹಳ್ಳಿ ತಾಲೂಕಿನ ಅರಸೀಕೆರೆ ಕಡೆ ಒಂದು ಮದುವೆಗೆ ಹೊರಟಿದ್ದೆವು. ಸುಗ್ಗಿ ಮುಗಿದಿತ್ತು, ರಸ್ತೆಯ ಬಲ ಅರ್ಧಕ್ಕೆ ರೈತರು ಮೆಕ್ಕೆಜೋಳ ಒಣಹಾಕಿದ್ದರು. ಎಡಗಡೆ ಬೇಕಾದಷ್ಟು ದಾರಿ ಇತ್ತು. ಆದರೂ ಗಾಡಿ ಒಂದು ಕ್ಷಣದಲ್ಲಿ ಬಲಕ್ಕೆ ಸರಿಯಿತು, ಮುಂದಿನ ಗಾಲಿ ಕಾಳಿನ ಮೇಲೆ ಏರಿತು, ಇಬ್ಬರೂ ಮೆಕ್ಕೆಜೋಳದ ರಾಶಿಯಲ್ಲಿ ಕೂತಿದ್ದೆವು. ವೇಗ ಇರಲಿಲ್ಲ, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಜೋಳದ ಯಜಮಾನಿ ಬಂದು ಚೆನ್ನಾಗಿ ಬೈದಳು, ನಾವು ಚೆಲ್ಲಿದ ಕಾಳು ಬಳಿದು ಕೊಟ್ಟು, ತಲೆಯಲ್ಲಿದ್ದ ಹೊಟ್ಟು ಕೊಡವಿಕೊಂಡು ಮದುವೆಗೆ ಹೋದೆವು. ಕೆಲಸ ಮಾಡಿದೆವು.

ಮಾರನೇ ದಿನ ಬೆಳಿಗ್ಗೆ ಚಹಾ ಕುಡಿಯುತ್ತ ಹೇಳಿದರು: "ಇನ್ ಮ್ಯಾಲ ನೀ ಬಸ್ಸಿಗೆ ಬಾ. ಹೆಂಗೂ ಹೆಂಗಸ್ರಿಗೆ ಫ್ರೀ ಐತಿ."

"ಮತ್ತ ನೀವು?"

"ನಾ ಗಾಡಿ ಮ್ಯಾಲ ಸಾಮಾನು ತರ್ತೀನಿ." ನನ್ನ ಕಡೆ ನೋಡದೆ ಅಂದರು: "ಗಾಡಿದು ತಪ್ಪಿಲ್ಲ ಅಂತಾರ. ಅಂದ್ರ ನಂದ ತಪ್ಪು. ವಯಸ್ಸಾತು, ಕೈ ತಪ್ಪಲಿಕ್ಕತ್ತೈತಿ. ನಿನ್ನ ಕೂಡ್ರಿಸ್ಕೊಂಡು ಹೋಗೋ ಧೈರ್ಯ ನನಗಿಲ್ಲ."

ಈ ಮನುಷ್ಯ ಸುಮ್ಮನೆ ಒಂದು ಮಾತು ಅನ್ನುವವರಲ್ಲ. ಹಿಂದಿನ ಸೀಟು ಹೋದರೆ ಏನು ಹೋಗುತ್ತದೆ ಎಂದು ಬೇರೆಯವರು ಕೇಳಬಹುದು. ಮನೆಯಲ್ಲಿ ನಾವು ಮಾತಾಡುವುದು ಅಷ್ಟಕ್ಕಷ್ಟೇ. ಒಬ್ಬರು ಕಂಪ್ಯೂಟರ್ ಮುಂದೆ, ಒಬ್ಬರು ಗಿರಾಕಿ ಮುಂದೆ. ನಮ್ಮ ಸಂಸಾರದ ಮಾತುಕತೆ ಆದದ್ದೆಲ್ಲ ಗಾಡಿ ಮೇಲೆ. ಮಗಳ ಕಾಲೇಜು, ಮನೆಯ ಛಾವಣಿ, ನಮ್ಮತ್ತೆಯ ಕಾಯಿಲೆ, ಎಲ್ಲ ನಿರ್ಧಾರವೂ ಗಾಳಿಗೆ ಕೂಗಿ ಕೂಗಿ ಮಾಡಿದ್ದು. ಆ ಜಾಗವನ್ನು ಬಸ್ಸಿಗೆ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಆದರೂ ಮೂರು ಮದುವೆಗೆ ಬಸ್ಸಿನಲ್ಲಿ ಹೋದೆ. ಮೂರನೆಯದು ಚಿಗಟೇರಿಯಲ್ಲಿ. ಬಸ್ಸು ಹರಪನಹಳ್ಳಿಯಲ್ಲೇ ತಡವಾಗಿ, ನಾನು ಮುಟ್ಟುವ ಹೊತ್ತಿಗೆ ಮದುಮಗಳಿಗೆ ಅರಿಶಿನ ಹಚ್ಚಿ ನೀರು ಹಾಕಿ ಆಗಿತ್ತು. ಇವರು ಬಾಗಿಲ ಹೊರಗೆ ಕ್ಯಾಮೆರಾ ಹಿಡಿದುಕೊಂಡು ನಿಂತಿದ್ದರು, ಒಳಗೆ ಹೋಗುವಂತಿಲ್ಲ. ಆ ಹುಡುಗಿಯ ಅರಿಶಿನದ ಒಂದು ಫೋಟೋ ಇಲ್ಲ ನಮ್ಮ ಹತ್ತಿರ. ಅವಳ ತಾಯಿಯ ಮುಂದೆ ತಲೆ ತಗ್ಗಿಸಿ ನಿಂತದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ಬರುವಾಗ ಬಸ್ಸಿನ ಕಿಟಕಿ ಪಕ್ಕ ಕೂತಿದ್ದಾಗ ಸಿಟ್ಟಿನಿಂದ ಕಣ್ಣೀರು ಬಂತು. ಈ ಎಳೆತದ ಮೂಲ ಹುಡುಕದೆ ಬಿಡುವುದಿಲ್ಲ ಎಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

ಹಳೆಯ ಗಾಡಿ ಆಗ ಹಗರಿಬೊಮ್ಮನಹಳ್ಳಿಯ ಮೆಕ್ಯಾನಿಕ್ ಚಾಚಾ ಅವರ ಅಂಗಡಿಯಲ್ಲಿ ಮಾರಾಟಕ್ಕೆ ನಿಂತಿತ್ತು. ಇವರ ಹಳೆಯ ಮೂರೂ ಗಾಡಿಗಳ ಹೊಟ್ಟೆ ಕಂಡವರು ಚಾಚಾ. ಮಾತಿಗಿಂತ ಸ್ಪ್ಯಾನರ್ ಜಾಸ್ತಿ ಆಡಿಸುವ ಮನುಷ್ಯ. ಗಿರಾಕಿ ಸಿಕ್ಕಿದ್ದಾರೆ, ಕಾಗದ ತಗೊಂಡು ಬಾ ಎಂದು ಅವರು ಫೋನ್ ಮಾಡಿದಾಗ ನಾನೂ ಬರುತ್ತೇನೆಂದೆ. ಇವರು ಹೊಸ ಗಾಡಿಯಲ್ಲಿ, ನಾನು ಚೂಡಿದಾರ ಹಾಕಿ, ಕ್ಯಾಮೆರಾ ಬ್ಯಾಗು ಹಿಡಿದು ಬಸ್ಸಿನಲ್ಲಿ. ಗಿರಾಕಿ ಹಡಗಲಿಯಿಂದ ಸಂಜೆಗೆ ಬರುವುದಿತ್ತು. ಹೊತ್ತು ಬೇಕಾದಷ್ಟಿತ್ತು.

"ಚಾಚಾ, ಎರಡೂ ಗಾಡಿ ಸಂತಿ ಮೈದಾನಕ್ಕ ತರ್ರಿ" ಎಂದೆ.

"ಯಾಕ ತಂಗೀ?"

"ಯಾವುದು ಬಲಕ್ಕ ಎಳೀತದ ನೋಡೂಣು."

ಸಂತೆ ದಿನವಲ್ಲ, ಮೈದಾನ ಖಾಲಿ. ನೆಲ ಪೂರಾ ಧೂಳು. ಚಾಚಾ ತೂತು ಬಿದ್ದ ಡಬ್ಬಿಯಲ್ಲಿ ನೀರು ತುಂಬಿ, ಈ ಗೋಡೆಯಿಂದ ಆ ಗೋಡೆಗೆ ನಡೆದು ಒಂದು ಗೆರೆ ಎಳೆದರು. ಅದು ಅವರ ಪದ್ಧತಿ. ಗಾಲಿ ಸೊಟ್ಟಗಿದೆ ಎಂದು ಯಾರಾದರೂ ಬಂದರೆ ಯಂತ್ರಕ್ಕೆ ಹಾಕುವ ಮುಂಚೆ ನೀರಿನ ಗೆರೆ ಪಕ್ಕ ಓಡಿಸಿ ಧೂಳಿನಲ್ಲಿ ಬಿದ್ದ ಟೈರಿನ ಗುರುತು ನೋಡುತ್ತಾರೆ.

ಮೊದಲು ಹಳೆಯದು. ನಾನು ಯಾವಾಗಲೂ ಕೂರುವ ಹಾಗೆ ಒಂದೇ ಕಡೆ ಕಾಲು ಬಿಟ್ಟು, ಬ್ಯಾಗು ತೊಡೆ ಮೇಲಿಟ್ಟುಕೊಂಡು ಕೂತೆ. ಗಾಡಿ ಗೆರೆ ಹಿಡಿದು ಆ ತುದಿ ಮುಟ್ಟಿತು. ಗುರುತು ನೀರಿನ ಗೆರೆಗೆ ಒಂದು ಗೇಣು ಅಂತರದಲ್ಲಿ ಕೊನೆಯವರೆಗೆ ಹಾಗೇ ಇತ್ತು.

ಇವರ ಮುಖ ಅರಳಿತು. "ನೋಡಿದ್ಯಾ? ಹಳೇದು ಹಳೇದ. ನನ್ನ ಕೈ ಸರಿ ಐತಿ. ಹೊಸಾದ್ರಾಗ ದೋಷ ಐತಿ ಅಂತ ನಾ ಬಡ್ಕೊಂಡೆ."

"ಇಳೀಬ್ಯಾಡ್ರಿ, ನಿಲ್ರಿ" ಎಂದೆ. ಬ್ಯಾಗು ಚಾಚಾ ಕೈಗೆ ಕೊಟ್ಟು, ಅದೇ ಹಳೆಯ ಗಾಡಿ ಮೇಲೆ ಎರಡೂ ಕಡೆ ಕಾಲು ಹಾಕಿ ಕೂತೆ. ಎಂಟು ವರ್ಷದಲ್ಲಿ ಆ ಗಾಡಿ ಮೇಲೆ ಹಾಗೆ ಕೂತದ್ದು ಅದೇ ಮೊದಲು. ಗಾಡಿ ಹೊರಟಿತು. ಹತ್ತು ಮಾರು ಹೋಗುವುದರೊಳಗೆ ಬಲಕ್ಕೆ ಸರಿದು ನೀರಿನ ಗೆರೆ ದಾಟಿತು.

ಹಳೆಯ ಗಾಡಿಯಲ್ಲಿ ನನ್ನ ಸೀಟು ಇವರ ಸೀಟಿನ ಮಟ್ಟಕ್ಕೇ ಇದೆ. ಹೊಸದರ ಹಾಗೆ ಇವರ ತಲೆ ಮೇಲಿಂದ ರಸ್ತೆ ಕಾಣುವುದಿಲ್ಲ, ನನ್ನ ಮೂಗಿನ ಮುಂದೆ ಇವರ ಬೆನ್ನು ಬಿಟ್ಟರೆ ಬೇರೇನೂ ಇಲ್ಲ. ಬೆನ್ನು, ಭುಜ, ಅದರಾಚೆ ಮೈದಾನದ ಉದ್ದ ಗೋಡೆ. ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ ಏನು? ಮದುಮಗನನ್ನು ನಿಲ್ಲಿಸಿ "ಎಡಭುಜ ಸ್ವಲ್ಪ ಇಳಿಸ್ರಿ, ಬಲಭುಜ ಏರಿಸ್ರಿ, ಹಾಂ, ಲೆವೆಲ್" ಎನ್ನುವುದು. ಒಂದು ಬೆರಳಿನಷ್ಟು ವಾಲಿದರೂ ನನ್ನ ಕಣ್ಣಿಗೆ ಹರಳು ಬಿದ್ದ ಹಾಗಾಗುತ್ತದೆ. ಗೋಡೆಯ ಸಾಲಿಗೆ ಇವರ ಭುಜ ಸಮ ಇರಲಿಲ್ಲ. ಬಲಭುಜ ಮೂರು ಬೆರಳು ಕೆಳಗಿತ್ತು. ಇವರ ಇಡೀ ಮೈ ಬಲಕ್ಕೆ ವಾಲಿತ್ತು.

"ರೀ, ನಿಲ್ಲಿಸ್ರಿ! ವಾಲೀರಿ ನೀವು!" ಎಂದು ಕಿರುಚಿದೆ.

"ನಾ ಎಲ್ಲಿ ವಾಲೀನಿ? ನೆಟ್ಟಗ ಕುಂತೀನಿ!"

"ನೆಟ್ಟಗ ಕುಂತೀನಿ ಅಂತ ಅಂದ್ಕೊಂಡೀರಿ. ಬಲಕ್ಕ ವಾಲೀರಿ."

ಹೊಸ ಗಾಡಿ ಮೇಲೂ ನೋಡಿದೆವು. ಸೀರೆ ಗಾರ್ಡಿಲ್ಲದಿದ್ದರೂ ಬ್ಯಾಗು ತೊಡೆ ಮೇಲಿಟ್ಟುಕೊಂಡು, ಒಂದೇ ಕಡೆ ಕಾಲು ಇಳಿಬಿಟ್ಟು, ಕಂಬಿ ಗಟ್ಟಿ ಹಿಡಿದು ಕೂತೆ. ಎರಡು ತಿಂಗಳಿಂದ ಬಲಕ್ಕೆ ಎಳೆದು ಇವರ ನಿದ್ದೆ ಕೆಡಿಸಿದ ಗಾಡಿ ಗೆರೆ ಪಕ್ಕ ಹೋದದ್ದು ಹೋದದ್ದೇ. ಚಾಚಾ ಎರಡು ಟೈರಿನ ಗುರುತನ್ನೂ ಬಗ್ಗಿ ನೋಡಿದರು, ಗಡ್ಡ ಕೆರೆದುಕೊಂಡರು, ಆಮೇಲೆ ನಗಲು ಶುರು ಮಾಡಿದರು.

"ತಮ್ಮಾ, ಗಾಡಿಗೂ ಏನೂ ಆಗಿಲ್ಲ, ನಿನ್ನ ಕೈಗೂ ಏನೂ ಆಗಿಲ್ಲ" ಎಂದರು. "ಈಕಿ ಎಡಕ್ಕ ಕುಂದ್ರತಾಳ, ತೊಡಿ ಮ್ಯಾಲ ಬ್ಯಾಗು ಬ್ಯಾರೆ. ಗಾಡಿ ಎಡಕ್ಕ ಹೋಗಬಾರ್ದಂತ ನೀ ಬಲಕ್ಕ ತೂಗಿ ತೂಗಿ ಕಲ್ತೀ. ಈಗ ಈಕಿ ನಡುವ ಕುಂತಾಳ. ನಿನ್ನ ಮೈಗೆ ಯಾರೂ ಹೇಳಿಲ್ಲ."

ಇವರು ಅಲ್ಲೇ ಇದ್ದ ಕಲ್ಲಿನ ಮೇಲೆ ಕೂತುಬಿಟ್ಟರು. ಒಬ್ಬರೇ ಇದ್ದಾಗ ಗಾಡಿ ಯಾಕೆ ನೆಟ್ಟಗೆ ಹೋಗುತ್ತಿತ್ತು ಎಂದು ಈಗ ಗೊತ್ತಾಯಿತು. ಹಿಂದೆ ನಾನು ಏರಿ ಕೂತದ್ದು ತಿಳಿದ ಕೂಡಲೇ ಇವರ ಮೈ ಇವರನ್ನು ಕೇಳದೆ ಬಲಕ್ಕೆ ಸರಿಯುತ್ತಿತ್ತು. ಈ ಮನುಷ್ಯ ಇಷ್ಟು ವರ್ಷದಲ್ಲಿ ನನ್ನ ಒಂದು ಫೋಟೋವನ್ನಾಗಲಿ, ಒಂದು ಸಾರನ್ನಾಗಲಿ ಬಾಯಿಬಿಟ್ಟು ಹೊಗಳಿದ್ದು ನೆನಪಿಲ್ಲ. ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಎಷ್ಟೋ ಸಲ ಕುದ್ದಿದ್ದೇನೆ. ಅವತ್ತು ಆ ಧೂಳಿನಲ್ಲಿ ನಿಂತು, ಇವರು ನನ್ನ ಗಂಡ ಎಂದು ಎಷ್ಟು ಹೆಮ್ಮೆಯಾಯಿತೆಂದರೆ ಚಾಚಾ ಇಲ್ಲದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಚಾಚಾ ಇದ್ದರು, ಹಾಗಾಗಿ ಬೈದೆ. "ಇದಕ್ಕ ನನ್ನ ಬಸ್ಸಿಗೆ ಹಾಕಿದ್ರಿ! ದಪ್ಪ ಆಗೀಯೇನು ಅಂತ ಕೇಳಿದ್ರಿ!"

"ಆತು ಬಿಡು ಮಾರಾಯ್ತಿ" ಎಂದರು ಇವರು, ಬೂಟಿನ ಮೇಲಿನ ಧೂಳು ನೋಡಿಕೊಳ್ಳುತ್ತ. ಕಿವಿ ಕೆಂಪಗಾಗಿದ್ದವು.

ಹೆಮ್ಮೆ ನನ್ನ ಮೇಲೂ ಇತ್ತು, ಮುಚ್ಚಿಡುವುದೇಕೆ? ಶೋರೂಮಿನ ಕಂಪ್ಯೂಟರಿಗೆ ಕಾಣದ್ದು ನನ್ನ ಕಣ್ಣಿಗೆ ಕಂಡಿತ್ತು. ಇದನ್ನು ಹೇಳುತ್ತ ಚಾಚಾ ತರಿಸಿದ ಚಹಾ ಎರಡು ಕಪ್ ಕುಡಿದೆ.

ಸಂಜೆ ಹಡಗಲಿಯ ಗಿರಾಕಿ ಬಂದ, ಜೊತೆಗೆ ಹೆಂಡತಿಯೂ. ಹೂವಿನ ವ್ಯಾಪಾರದವರು. ಅವಳು ಮೊದಲು ನೋಡಿದ್ದೇ ಸೀರೆ ಗಾರ್ಡು. ಕೂತು ನೋಡಿ, "ಅಗಲ ಐತಿ, ಚಲೋ ಐತ್ರಿ" ಎಂದಳು. ಗಂಡ ಎಂಜಿನ್ ಸದ್ದು ಕೇಳಿಸಿಕೊಳ್ಳುತ್ತಿದ್ದ. ನಾನು ಅವಳ ಹತ್ತಿರ ಹೋಗಿ, ಎಪ್ಪತ್ತರ ಮೇಲೆ ಓಡಿಸಲು ಬಿಡಬೇಡ, ಕಾಲು ಜೋಮು ಹಿಡಿಯುತ್ತದೆ ಎಂದು ಹೇಳಿದೆ. ಉಳಿದದ್ದು ಅವರಿಬ್ಬರೇ ಕಲಿತುಕೊಳ್ಳಲಿ ಎಂದು ಸುಮ್ಮನಾದೆ. ಗಾಡಿ ಹೋಗುವಾಗ ನನಗೆ ಸ್ವಲ್ಪ ಸಂಕಟವಾಯಿತು, ಇವರು ಮಾತ್ರ ಬೆನ್ನು ತಿರುಗಿಸಿ ಚಾಚಾನ ಸ್ಪ್ಯಾನರುಗಳನ್ನು ಎಣಿಸುವವರ ಹಾಗೆ ನಿಂತಿದ್ದರು.

ವಾಪಸ್ ಬರುವಾಗ ಬಸ್ ನಿಲ್ದಾಣದ ಮುಂದೆ ಇವರು ಗಾಡಿ ನಿಧಾನ ಮಾಡಿದರು. "ಇಳೀತೀಯೇನು?" ಎಂದರು. "ಇಳಿಯಂಗಿಲ್ಲ" ಎಂದೆ.

ಮೈ ಕಲಿತದ್ದನ್ನು ಮರೆಸುವುದು ಕಲಿಸಿದಷ್ಟು ಸುಲಭವಲ್ಲ. ನಾನು ಎರಡೂ ಕೈ ಇವರ ಎರಡು ಭುಜದ ಮೇಲಿಟ್ಟು ಕೂರುತ್ತಿದ್ದೆ. ಬಲಗೈ ಕೆಳಗಿಳಿಯಿತು ಅನ್ನಿಸಿದರೆ ಒಂದು ಏಟು ಕೊಟ್ಟು "ಲೆವೆಲ್" ಎನ್ನುತ್ತಿದ್ದೆ. ಇವರು ಮೈ ಸರಿಮಾಡಿಕೊಳ್ಳುತ್ತಿದ್ದರು. ಫರ್ಲಾಂಗು ಹೋಗುವುದರಲ್ಲಿ ಮತ್ತೆ ಇಳಿಯುತ್ತಿತ್ತು. ಮತ್ತೆ ಏಟು. ಮೊದಲ ವಾರ ಕೊಟ್ಟೂರಿನಿಂದ ಉಜ್ಜಿನಿಗೆ ಬರೀ ಹೋಗಿ ಬರುವುದು, ಕೆಲಸವಿಲ್ಲ ಕಾರ್ಯವಿಲ್ಲ. ದಾರಿಯಲ್ಲಿ ನೋಡಿದವರು ಗಂಡನನ್ನು ಹೊಡೆದುಕೊಂಡು ಹೋಗುವ ಹೆಂಗಸು ಯಾರಪ್ಪ ಎಂದುಕೊಂಡಿರಬೇಕು. ಎರಡನೇ ವಾರ ಕೂಡ್ಲಿಗಿವರೆಗೆ. ಒಮ್ಮೊಮ್ಮೆ ಇವರಿಗೆ ಸಿಟ್ಟು ಬರುತ್ತಿತ್ತು. "ನೀನ ಮುಂದ ಕುಂದ್ರು, ನಾ ಹಿಂದ ಕುಂತು ಹೊಡೀತೀನಿ" ಎನ್ನುತ್ತಿದ್ದರು. ನಾನು ಬಿಡಲಿಲ್ಲ. ಎಷ್ಟೋ ಮದುಮಕ್ಕಳ ಭುಜ ಸರಿಮಾಡಿದವಳಿಗೆ ಸ್ವಂತ ಗಂಡನ ಭುಜ ಸರಿಮಾಡಲಾಗದಿದ್ದರೆ ಹೇಗೆ? ಮೂರನೇ ವಾರದ ಹೊತ್ತಿಗೆ ಏಟು ಕಡಿಮೆಯಾದವು. ಹಡಗಲಿಯ ಒಂದು ಮದುವೆಗೆ ಹೋಗಿ ಬರುವಾಗ ಎಣಿಸಿದರೆ ಎರಡೇ ಏಟು, ಅದರಲ್ಲಿ ಒಂದು ಸುಮ್ಮನೆ ಕೊಟ್ಟದ್ದು.

ಈಗ ನನ್ನ ತೀರ್ಪು ಹೇಳಬಹುದು. ಹಳೆಯದರ ಸೀಟು ಮೆತ್ತಗೆ, ಹೊಲದ ದಾರಿಗೆ ಅದೇ ಮೇಲು. ಹೊಸದು ಡಾಂಬರು ರಸ್ತೆಯಲ್ಲಿ ಅದನ್ನು ಮೀರಿಸುತ್ತದೆ, ತಿರುವಿನಲ್ಲಿ ಹೇಳಿದ ಹಾಗೆ ಕೇಳುತ್ತದೆ, ಮೈ ನೋಯಿಸುವುದಿಲ್ಲ, ಸೀಟು ಮಾತ್ರ ಗಟ್ಟಿ. ಅದಕ್ಕೆ ನಾನು ದಪ್ಪ ಹತ್ತಿಯ ಗವಸು ಹೊಲಿದು ಹಾಕಿದ್ದೇನೆ. ಇವರು ಮೊದಲು ಗಾಡಿ ಅಂದ ಕೆಡಿಸಿದೆ ಎಂದರು, ಈಗ ಸ್ಟುಡಿಯೋಗೆ ಬಂದವರಿಗೆ ಅದನ್ನೇ ಮುಟ್ಟಿಸಿ ತೋರಿಸುತ್ತಾರೆ.

ಹೋದ ತಿಂಗಳು ಹರಪನಹಳ್ಳಿಯಲ್ಲಿ ಎರಡು ದಿನದ ಮದುವೆ. ನಡು ನಿಲ್ಲದಷ್ಟು ಕೆಲಸ. ಮುಗಿಸಿಕೊಂಡು, ಊಟ ಮಾಡಿ, ಮಧ್ಯಾಹ್ನ ಮೂರಕ್ಕೆ ಹೊರಟೆವು. ಬಿಸಿಲು ಇಳಿಯುತ್ತಿತ್ತು. ಹಿಂದೆ ಪೆಟ್ಟಿಗೆಯ ಒರಗು, ಮುಂದೆ ಇವರ ಬೆನ್ನು. ಒಂದೇ ಕಡೆ ಕೂರುತ್ತಿದ್ದಾಗ ಕಣ್ಣು ಮುಚ್ಚುವ ಮಾತೇ ಇರಲಿಲ್ಲ. ಎಷ್ಟು ದಣಿದಿದ್ದರೂ ಕೈ ಕಂಬಿ ಬಿಡುವಂತಿಲ್ಲ, ಇವರು ತೂಗುತ್ತಿದ್ದಷ್ಟೇ ನಾನೂ ತೂಗುತ್ತಿದ್ದೆ. ಅವತ್ತು ಯಾವ ಊರು ದಾಟಿದ ಮೇಲೋ ಹೆಲ್ಮೆಟ್ಟು ಇವರ ಬೆನ್ನಿಗೆ ತಾಗಿದ್ದು ಗೊತ್ತು. ಆಮೇಲಿನದು ಗೊತ್ತಿಲ್ಲ.

ಎಚ್ಚರವಾದಾಗ ಗಾಡಿ ನಿಧಾನವಾಗಿ ಹೋಗುತ್ತಿತ್ತು. ಎರಡೂ ಕಡೆ ಅಂಗಡಿ, ಬಸ್ಸು, ಜನ. ನನ್ನ ಎಡಗೈ ಇವರ ಸೊಂಟದ ಸುತ್ತ ಇತ್ತು, ಅದರ ಮೇಲೆ ಇವರ ಎಡಗೈ ಬಿಗಿಯಾಗಿತ್ತು. ಕಣ್ಣುಜ್ಜಿಕೊಂಡು ನೋಡಿದೆ. ಕೂಡ್ಲಿಗಿ. ನಮ್ಮೂರು ಕೊಟ್ಟೂರು ಹಿಂದೆ ಬಿದ್ದು ಅರ್ಧ ಗಂಟೆಯ ಮೇಲಾಗಿತ್ತು.

"ಏನ್ರೀ ಇದು? ಮನಿ ಹಿಂದ ಹೋತಲ್ರೀ! ತಲಿ ಸರಿ ಐತೇನು ನಿಮಗ?"

ಇವರು ತಿರುಗಲಿಲ್ಲ. ಗಾಡಿಯನ್ನು ಪಕ್ಕಕ್ಕೆ ತಂದು, ಎರಡೂ ಕಾಲು ನೆಲಕ್ಕೆ ಊರಿ ನಿಲ್ಲಿಸಿದರು. ಕ್ಲಚ್ಚಿಗೆ ಹೋದ ಎಡಗೈ ಮತ್ತೆ ನನ್ನ ಕೈ ಮೇಲೆ ಬಂತು.

"ನೀ ಮಲಗಿದ್ದಿ" ಎಂದರು. "ಗಾಡಿ ನೆಟ್ಟಗ ಹೊಂಟಿತ್ತು. ಹಂಗ ಬಂದೆ."